ಇಳಿಜಾರಿನಲ್ಲಿ ಉಳಿಸಿದ ಡೀಸೆಲ್

ಸ್ಟೇರಿಂಗ್ ಬಿಟ್ಟು ಮೂರು ವರ್ಷವಾಯಿತು. ಈಗಲೂ ನಮ್ಮ ಮನೆಯೆದುರು ಯಾರಾದರೂ ಕಾರನ್ನು ಸ್ಟಾರ್ಟಿನಲ್ಲೇ ಇಟ್ಟು ಫೋನಿನಲ್ಲಿ ಮಾತನಾಡುತ್ತ ಕೂತರೆ ನನಗೆ ಒಳಗೆ ಕೂರಲಾಗುವುದಿಲ್ಲ. ಹೋಗಿ ಗಾಜು ತಟ್ಟುತ್ತೇನೆ. "ಬಂದ್ ಮಾಡಿ ಮಾತಾಡಿ ಮಾರಾಯ್ರೆ" ಎನ್ನುತ್ತೇನೆ. ಕೆಲವರು ನಗುತ್ತಾರೆ. ಒಬ್ಬ ಮೊನ್ನೆ, "ಪೆಟ್ರೋಲು ನಿಮ್ಮದಾ?" ಎಂದು ಕೇಳಿದ. ನನ್ನದಲ್ಲ, ನಿಜ. ಇಪ್ಪತ್ತೊಂಬತ್ತು ವರ್ಷ ಓಡಿಸಿದ ಬಸ್ಸುಗಳ ಡೀಸೆಲ್ಲೂ ನನ್ನದಾಗಿರಲಿಲ್ಲ.

ಹೊಸದಾಗಿ ಲೈಸೆನ್ಸ್ ಮಾಡಿಸಿದವರು, ಬಸ್ಸಿಗೆ ಸೇರುವವರು ನನ್ನ ಹತ್ತಿರ ಬರುತ್ತಾರೆ. ಮೈಲೇಜ್ ಹೇಗೆ ತೆಗೆಯುವುದು ಎಂದು ಕೇಳುತ್ತಾರೆ. ನನಗೆ ಕೇಳಿದ್ದು ಒಂದಾದರೆ ಹತ್ತು ಹೇಳುವ ಚಟ. ಹೇಳುತ್ತೇನೆ. ಆದರೆ ಮೈಲೇಜ್ ವಿಷಯದಲ್ಲಿ ಹೆಸರು ಮಾಡಿದವನು ಎಂದು ನನ್ನನ್ನು ಹೊಗಳಿದಾಗಲೆಲ್ಲ ನನಗೆ ಒಂದು ವಾರದ ನೆನಪಾಗುತ್ತದೆ. ಆ ವಾರ ನನ್ನ ಹೆಸರಿನಿಂದಾಗಿ ಒಬ್ಬ ಪ್ರಾಮಾಣಿಕ ಮನುಷ್ಯನಿಗೆ ಕಳ್ಳ ಎಂಬ ಹೆಸರು ಬರುವುದರಲ್ಲಿತ್ತು. ಅದನ್ನೇ ಮೊದಲು ಬರೆಯುತ್ತೇನೆ.

ನಾನು ಬಂಟ್ವಾಳದಲ್ಲಿ ಲಾರಿಗಳಿಗೆ ಹೆಂಚು ಹೇರುತ್ತಿದ್ದವನು. ಲಾರಿಯವರ ಹಿಂದೆ ಬಿದ್ದು ಸ್ಟೇರಿಂಗ್ ಕಲಿತೆ. ಆಮೇಲೆ ಮೂಡುಬಿದಿರೆಯ ಹತ್ತಿರ ತೋಡಾರಿನಲ್ಲಿದ್ದ ಒಬ್ಬ ಬಸ್ಸಿನ ಧಣಿಗಳ ಬಳಿ ಸೇರಿದೆ. ನನ್ನ ಬಸ್ಸು ಬೆಳ್ತಂಗಡಿಯಿಂದ ವೇಣೂರು ಮಾರ್ಗವಾಗಿ ಮೂಡುಬಿದಿರೆಗೆ, ಅಲ್ಲಿಂದ ಸಿದ್ದಕಟ್ಟೆಯಾಗಿ ಬಂಟ್ವಾಳಕ್ಕೆ, ಮತ್ತೆ ಬಂದ ದಾರಿಯಲ್ಲೇ ಹಿಂದಕ್ಕೆ. ಒಂದು ಗಂಟೆ ಹಿಂದೆ ಅದೇ ದಾರಿಯಲ್ಲಿ ಧಣಿಗಳ ಇನ್ನೊಂದು ಬಸ್ಸು. ಅದರ ಡ್ರೈವರ್ ಲೋಕಯ್ಯಣ್ಣ. ನನಗಿಂತ ಹತ್ತು ವರ್ಷ ಹಿರಿಯರು. ಮಾತು ಕಡಿಮೆ, ಹಾರ್ನ್ ಅದಕ್ಕಿಂತ ಕಡಿಮೆ.

ಸೇರಿದ ಎರಡನೇ ವರ್ಷ ನಾನೇ ಧಣಿಗಳ ಮುಂದೆ ಒಂದು ಕರಾರು ಇಟ್ಟೆ. "ಧಣಿ, ಈ ದಾರಿಯಲ್ಲಿ ಲೀಟರಿಗೆ ನಾಲ್ಕು ಕಿಲೋಮೀಟರ್ ಅಂತ ಲೆಕ್ಕ ಇಟ್ಟುಕೊಳ್ಳುವ. ಅದಕ್ಕಿಂತ ಹೆಚ್ಚು ಕೊಟ್ಟರೆ ಉಳಿದದ್ದರಲ್ಲಿ ಅರ್ಧ ನನಗೆ." ಧಣಿಗಳು ನಕ್ಕು ಒಪ್ಪಿದರು. ಸಂಜೆ ಮೂಡುಬಿದಿರೆಯ ಬಂಕಿನಲ್ಲಿ ಟ್ಯಾಂಕ್ ತುಂಬಿಸುವುದು, ಮರುದಿನ ಸಂಜೆ ಮತ್ತೆ ತುಂಬಿಸುವುದು; ಎಷ್ಟು ಹಿಡಿಯಿತೋ ಅಷ್ಟು ಕುಡಿದಿದೆ ಎಂದು ಲೆಕ್ಕ. ಒಂದು ತಿಂಗಳಲ್ಲಿ ನಾನು ಐದು ಕೊಟ್ಟೆ. ಧಣಿಗಳ ನಗು ನಿಂತಿತು. ಒಂದು ಬಸ್ಸು ಐದು ಕೊಡುವುದಾದರೆ ಪಕ್ಕದ್ದು ಯಾಕೆ ಕೊಡುವುದಿಲ್ಲ ಎಂದು ಅವರು ಯೋಚಿಸತೊಡಗಿದರು. ನಾನು ನನಗಾಗಿ ಮಾಡಿಕೊಂಡ ಒಪ್ಪಂದ ಎಲ್ಲರಿಗೂ ನಿಯಮವಾಯಿತು: ಯಾರೇ ಆಗಲಿ ನಾಲ್ಕೂವರೆಗೆ ಕಡಿಮೆ ಕೊಡಬಾರದು.

ಆ ಐದು ಹೇಗೆ ಬರುತ್ತಿತ್ತು ಎಂದು ನನಗೆ ಮಾತ್ರ ಗೊತ್ತಿತ್ತು. ನನ್ನ ಕಂಡಕ್ಟರ್ ಹಮೀದನಿಗೂ ಗೊತ್ತಿತ್ತೇನೋ, ಅವನು ಬಾಯಿ ಬಿಡುವವನಲ್ಲ. ಆಗಿನ ಬಸ್ಸುಗಳಲ್ಲಿ ಇಂಜಿನ್ ನಿಲ್ಲಿಸಲು ಡ್ಯಾಶಿನ ಕೆಳಗೆ ಒಂದು ಗುಂಡಿ ಇರುತ್ತಿತ್ತು. ಅದನ್ನು ಎಳೆದರೆ ಡೀಸೆಲ್ ನಿಲ್ಲುತ್ತದೆ, ಇಂಜಿನ್ ಸಾಯುತ್ತದೆ. ಸ್ಟಾಪರ್ ಎನ್ನುತ್ತಿದ್ದೆವು. ಇಳಿಜಾರು ಸಿಕ್ಕಿದರೆ ನಾನು ಗೇರ್ ನ್ಯೂಟ್ರಲ್ ಮಾಡಿ ಸ್ಟಾಪರ್ ಎಳೆಯುತ್ತಿದ್ದೆ. ಬಸ್ಸು ತನ್ನ ಭಾರಕ್ಕೆ ತಾನೇ ಇಳಿಯುತ್ತಿತ್ತು. ಕೆಳಗೆ ತಲುಪುವಾಗ ಗುಂಡಿ ಒತ್ತಿ, ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ ಎದ್ದುಕೊಳ್ಳುತ್ತಿತ್ತು. ನಮ್ಮ ಊರಿನ ದಾರಿ ಎಂದರೆ ಏರು, ಇಳಿ, ತಿರುವು, ಅಷ್ಟೇ. ದಿನಕ್ಕೆ ಎಷ್ಟು ಸಲ ಎಳೆಯಬಹುದು ನೋಡಿ. ನಮ್ಮ ಕಡೆಯ ಎಷ್ಟೋ ಡ್ರೈವರುಗಳಿಗೆ ಇದೊಂದು ಕೈಚಳಕ. ಲೋಕಯ್ಯಣ್ಣ ಮಾತ್ರ ಮಾಡುತ್ತಿರಲಿಲ್ಲ.

ಧಣಿಗಳ ಅಂಗಳದಲ್ಲಿ ಭಾನುವಾರ ಮಧ್ಯಾಹ್ನ ನಾವೆಲ್ಲ ಸೇರುವುದು ಪದ್ಧತಿ. ಏಳೆಂಟು ಜನ ಡ್ರೈವರ್, ಕಂಡಕ್ಟರುಗಳು. ಆ ಭಾನುವಾರ ಧಣಿಗಳು ಲೋಕಯ್ಯಣ್ಣನನ್ನು ಎಲ್ಲರ ಎದುರು ನಿಲ್ಲಿಸಿ, ನನ್ನ ಕಡೆ ಬೆರಳು ತೋರಿಸಿದರು.

"ಸುಂದರನ ಗಾಡಿ ಐದು ಕೊಡ್ತದೆ. ನಿನ್ನದು ನಾಲ್ಕು ಮುಟ್ಟುದಿಲ್ಲ. ದಾರಿ ಒಂದೇ, ಗಾಡಿ ಒಂದೇ ಕಂಪನಿದು. ಉಳಿದ ಡೀಸೆಲ್ ಏನು, ನೀನು ಗಂಜಿಗೆ ಹಾಕಿ ಉಣ್ತೀಯಾ ಲೋಕಯ್ಯ?"

ಯಾರೋ ಒಬ್ಬರು ನಕ್ಕರು. ಲೋಕಯ್ಯಣ್ಣ ನಗಲಿಲ್ಲ. "ಗಾಡಿಯಲ್ಲಿ ತೊಂದರೆ ಉಂಟು ಧಣಿ. ಎರಡು ಸಲ ಹೇಳಿದ್ದೇನೆ."

"ತೊಂದರೆ ಗಾಡಿಯದ್ದಾ ಕೈಯದ್ದಾ?"

ಕೈ ಎಂದರೆ ಏನೆಂದು ಎಲ್ಲರಿಗೂ ಅರ್ಥವಾಯಿತು. ಟ್ಯಾಂಕಿನಿಂದ ಡೀಸೆಲ್ ಕದ್ದು ಮಾರುವವನು ಎಂಬ ಮಾತು ಒಮ್ಮೆ ಹೊರಗೆ ಬಿದ್ದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಲ್ಲೂ ಯಾವ ಧಣಿಯೂ ಆ ಮನುಷ್ಯನಿಗೆ ಕೀಲಿ ಕೊಡುವುದಿಲ್ಲ. ಲೋಕಯ್ಯಣ್ಣನಿಗೆ ಸ್ಟೇರಿಂಗ್ ಬಿಟ್ಟು ಬೇರೆ ಕೆಲಸ ಗೊತ್ತಿರಲಿಲ್ಲ.

"ಮುಂದಿನ ಭಾನುವಾರದವರೆಗೆ ನೋಡ್ತೇನೆ" ಎಂದರು ಧಣಿಗಳು. ಮತ್ತೆ ನನ್ನ ಕಡೆ ತಿರುಗಿ, "ಏನು ಸುಂದರ, ನೀನೇ ಹೇಳು" ಎಂದರು.

ಅಲ್ಲಿಯೇ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಹೊಸ ಬಸ್ಸೊಂದು ಬರುವುದಿತ್ತು. ಮೈಲೇಜ್ ಚೆನ್ನಾಗಿ ತೆಗೆಯುವವನಿಗೆ ಅದು ಎಂದು ಧಣಿಗಳು ಹೇಳಿದ್ದರು. ನನ್ನ ತಲೆ ವ್ಯಾಪಾರಿ ತಲೆ. ಇಬ್ಬರೂ ಉಳಿಯುವ ದಾರಿ ಹುಡುಕಿತು. "ಒಂದು ವಾರ ಗಾಡಿ ಬದಲಿಸುವ ಧಣಿ. ಅವರದ್ದು ನಾನು, ನನ್ನದು ಅವರು. ತೊಂದರೆ ಎಲ್ಲಿ ಉಂಟು ಅಂತ ಗೊತ್ತಾಗ್ತದೆ" ಎಂದೆ. ಅವರ ಗಾಡಿ ನನ್ನ ಕೈಯಲ್ಲೂ ಸ್ವಲ್ಪ ಕಡಿಮೆ ಕೊಟ್ಟರೆ ದೋಷ ಗಾಡಿಯದ್ದಾಗುತ್ತದೆ, ಲೋಕಯ್ಯಣ್ಣ ಪಾರು, ನನ್ನ ಗುಟ್ಟೂ ಪಾರು. ಧಣಿಗಳು ಹೂಂ ಎಂದರು.

ಸೋಮವಾರ ಬೆಳಿಗ್ಗೆ ಬೆಳ್ತಂಗಡಿಯಲ್ಲಿ ಕೀಲಿ ಕೊಡುವಾಗ ಲೋಕಯ್ಯಣ್ಣ ಒಂದೇ ಮಾತು ಹೇಳಿದರು: "ಇದನ್ನು ಇಳಿಯುವಾಗ ಬಂದ್ ಮಾಡ್ಬೇಡ ಸುಂದರ. ಗಾಳಿ ನಿಲ್ಲುದಿಲ್ಲ."

ಗಾಳಿ ಎಂದರೆ ಬ್ರೇಕಿನ ಗಾಳಿ. ದೊಡ್ಡ ಗಾಡಿಗಳ ಬ್ರೇಕ್ ಗಾಳಿಯ ಒತ್ತಡದಿಂದ ಹಿಡಿಯುವುದು. ಇಂಜಿನ್ ತಿರುಗುತ್ತಿದ್ದರೆ ಕಂಪ್ರೆಸರ್ ಸಿಲಿಂಡರಿಗೆ ಗಾಳಿ ತುಂಬುತ್ತಿರುತ್ತದೆ. ಇಂಜಿನ್ ನಿಂತರೆ ಇದ್ದಷ್ಟೇ. ಅವರ ಮಾತಿನಿಂದ ನನಗೆ ತಿಳಿದದ್ದು ಬೇರೆ: ನಾನು ಸ್ಟಾಪರ್ ಎಳೆಯುವುದು ಅವರಿಗೆ ಗೊತ್ತು. ಗೊತ್ತಿದ್ದೂ ಅಂಗಳದಲ್ಲಿ ಹೇಳಲಿಲ್ಲ. ಅದನ್ನು ಯೋಚಿಸಿಕೊಂಡು ಹೋದವನು ಗಾಳಿಯ ಮಾತನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೊದಲ ದಿನ ಸಂಜೆ ಚಕ್ರಗಳನ್ನು ಮುಟ್ಟಿ ನೋಡಿದೆ. ಇದು ನೀವೂ ಮಾಡಬಹುದಾದ ಕೆಲಸ, ಕಾರಿಗೂ ಆಗುತ್ತದೆ. ಸ್ವಲ್ಪ ದೂರ ಓಡಿಸಿ ಬಂದು, ನಾಲ್ಕೂ ಚಕ್ರಗಳ ನಡುಭಾಗದ ಹತ್ತಿರ ಅಂಗೈ ಹಿಂಭಾಗ ಹಿಡಿಯಬೇಕು. ಒಂದು ಮಾತ್ರ ಹೆಚ್ಚು ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಪೂರ್ತಿ ಬಿಡುತ್ತಿಲ್ಲ ಎಂದು ಅರ್ಥ. ಒಂದು ಕಾಲಿನಲ್ಲಿ ಬ್ರೇಕ್, ಒಂದು ಕಾಲಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡು ಹೋದ ಹಾಗೆ. ಹಿಂದಿನ ಎಡಗಡೆಯ ಚಕ್ರ ಸುಡುತ್ತಿತ್ತು. ಬ್ರೇಕ್ ಸಡಿಲಿಸಿ ಸರಿಮಾಡಿದೆ. ಟಯರುಗಳಲ್ಲಿ ಗಾಳಿ ಕಡಿಮೆ ಇತ್ತು, ಹಾಕಿಸಿದೆ. ಗಾಡಿ ಹಗುರವಾಯಿತು. ಆದರೂ ನಾಲ್ಕು ದಾಟಿ ಮೇಲೆ ಹೋಗಲು ಕಷ್ಟಪಡುತ್ತಿತ್ತು. ಸಣ್ಣ ಇಳಿಜಾರುಗಳಲ್ಲಿ ಸ್ಟಾಪರ್ ಎಳೆದೆ, ದೊಡ್ಡದರಲ್ಲಿ ಬಿಟ್ಟೆ.

ಬುಧವಾರ ಸಂಜೆ ಬಂಕಿನಲ್ಲಿ ಧಣಿಗಳು ಸಿಕ್ಕಿದರು. ಮುಖ ಗಡುಸಾಗಿತ್ತು.

"ನಿನ್ನ ಗಾಡಿ ಅವನ ಕೈಯಲ್ಲಿ ನಾಲ್ಕು ಪಾಯಿಂಟ್ ಒಂದು. ನಿನ್ನ ಕೈಯಲ್ಲಿ ಐದು ಕೊಟ್ಟ ಗಾಡಿ. ಇನ್ನು ಗಾಡಿಯ ತೊಂದರೆ ಅಂತ ಹೇಳ್ಬೇಡಿ. ಅವನ ಗಾಡಿಯಲ್ಲಿ ನೀನು ನಾಲ್ಕೂವರೆ ತೋರಿಸಿದರೆ ಮುಗೀತು, ಭಾನುವಾರ ಅವನನ್ನು ಕಳಿಸ್ತೇನೆ."

ಕಾಪಾಡಲೆಂದು ನಾನು ಹೂಡಿದ ಉಪಾಯವೇ ಅವರ ಕುತ್ತಿಗೆಗೆ ಬಂದಿತ್ತು. ನನ್ನ ಒಳ್ಳೆಯ ಗಾಡಿಯಲ್ಲೂ ಅವರು ಇಂಜಿನ್ ನಿಲ್ಲಿಸದೆ ನ್ಯಾಯವಾಗಿ ಓಡಿಸಿದ್ದರು. ನ್ಯಾಯದ ಮೈಲೇಜ್ ಅಷ್ಟೇ ಬರುವುದು.

ಗುರುವಾರ ಬೆಳಿಗ್ಗೆ ಮೂಡುಬಿದಿರೆಯಿಂದ ಬಂಟ್ವಾಳದ ಕಡೆ ಹೊರಟಾಗ ಬಸ್ಸು ತುಂಬಿತ್ತು. ಕಾಲೇಜಿನವರು, ಕಟ್ಟಿದ ಬೀಡಿ ಕೊಡಲು ಹೊರಟ ಹೆಂಗಸರು, ಕಚೇರಿಗೆ ಹೋಗುವವರು, ಬಾಗಿಲಿನವರೆಗೂ ಜನ. ಆ ದಾರಿಯಲ್ಲಿ ನಾವು ಡ್ರೈವರುಗಳು ದೊಡ್ಡ ಜಾರು ಎಂದು ಕರೆಯುತ್ತಿದ್ದ ಇಳಿಜಾರು ಉಂಟು. ಎರಡು ತಿರುವು, ಕೊನೆಗೆ ಒಂದು ಕಿರಿದಾದ ಸೇತುವೆ, ನಾವು ಸಂಕ ಎನ್ನುತ್ತೇವೆ. ಸಂಕದಲ್ಲಿ ಒಂದು ಗಾಡಿಗೆ ಮಾತ್ರ ಜಾಗ, ಕೆಳಗೆ ತೋಡಿನ ನೀರು.

ಕೈ ತಾನಾಗಿ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಲೆಕ್ಕ ಹಾಕಿಯೇ ಎಳೆದೆ. ಈ ಗಾಡಿಯಲ್ಲೂ ಸುಂದರ ಸೋಲಲಿಲ್ಲ ಎನಿಸಿಕೊಳ್ಳಬೇಕಿತ್ತು ನನಗೆ. ಲೋಕಯ್ಯಣ್ಣನ ಗತಿ ಏನು ಎಂಬುದಕ್ಕೆ ಭಾನುವಾರದೊಳಗೆ ಬೇರೆ ಏನಾದರೂ ಹೂಡೋಣ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಇಂಜಿನ್ ಸದ್ದು ನಿಂತ ಕೂಡಲೇ ಕಾಲಬುಡದಿಂದ ಸ್ಸ್ ಎಂಬ ಸದ್ದು ಕೇಳಿಸಿತು. ಸಣ್ಣ ಇಳಿಜಾರುಗಳ ಅರೆಗಳಿಗೆಯಲ್ಲಿ ನಾನು ಗಮನಿಸದೆ ಹೋಗಿದ್ದ ಸದ್ದು. ಮೀಟರಿನಲ್ಲಿ ಗಾಳಿಯ ಮುಳ್ಳು ಏಳರಲ್ಲಿತ್ತು. ಮೊದಲ ತಿರುವಿಗೆ ಬ್ರೇಕ್ ಒತ್ತಿದೆ, ಐದಕ್ಕೆ ಬಂತು. ಬ್ರೇಕ್ ಬಿಟ್ಟ ಮೇಲೂ ಇಳಿಯುತ್ತಲೇ ಇತ್ತು. ಎರಡನೇ ತಿರುವಿನಲ್ಲಿ ಒಬ್ಬರು ಸ್ಕೂಟರಿನಲ್ಲಿ ಅಡ್ಡ ಬಂದರು. ಮತ್ತೆ ಒತ್ತಿದೆ. ಮೂರು. ತಿರುವು ಕಳೆದು ನೇರ ಸಿಕ್ಕಿದಾಗ ಸಂಕ ಕಂಡಿತು. ಎದುರಿನಿಂದ ಒಂದು ಪಿಕಪ್ ಅದರ ಮೇಲೆ ಏರುತ್ತಿತ್ತು. ಪೆಡಲ್ ಒತ್ತಿದೆ. ಅದು ನೆಲಕ್ಕೆ ಹೋಯಿತು, ಬಸ್ಸು ಮಾತ್ರ ಹೋಗುತ್ತಲೇ ಇತ್ತು.

ಸ್ಟಾಪರ್ ಒಳಗೆ ತಳ್ಳಿದೆ. ಮೂರನೇ ಗೇರಿಗೆ ನೂಕಿದೆ. ಹಲ್ಲು ಕಿರ್ರೆಂದು ಉಜ್ಜಿ ಕೈಯನ್ನು ಹಿಂದಕ್ಕೆ ಎಸೆಯಿತು. ಟಾಪ್ ಗೇರಿಗೆ ನೂಕಿದೆ, ಹೋಯಿತು. ಕ್ಲಚ್ ಬಿಟ್ಟೆ. ಬಸ್ಸು ಇಡೀ ಒಮ್ಮೆ ಕುಕ್ಕಿತು, ಹಿಂದೆ ಜನ ಒಬ್ಬರ ಮೇಲೊಬ್ಬರು ಬಿದ್ದ ಸದ್ದು, ಇಂಜಿನ್ ಎದ್ದು ಕೂಗಿತು. ವೇಗ ಸ್ವಲ್ಪ ಮುರಿಯಿತು, ಸಾಲಲಿಲ್ಲ. ಹ್ಯಾಂಡ್ ಬ್ರೇಕನ್ನು ಎರಡೂ ಕೈಯಲ್ಲಿ ಎಳೆಯುವ ಹಾಗಿರಲಿಲ್ಲ. ಒಂದು ಕೈಯಲ್ಲಿ ಅದನ್ನು ಎಳೆದು ಇನ್ನೊಂದರಲ್ಲಿ ಸ್ಟೇರಿಂಗನ್ನು ಎಡಕ್ಕೆ ತಂದೆ. ಎಡಗಡೆ ಮುರಕಲ್ಲಿನ ಬರೆ, ಗುಡ್ಡ ಕಡಿದ ಗೋಡೆ, ಇತ್ತು. ಬಸ್ಸಿನ ಮೈಯನ್ನು ಅದಕ್ಕೆ ಉಜ್ಜಿಸಿದೆ. ಕನ್ನಡಿ ಹಾರಿತು, ತಗಡು ಹರಿಯಿತು, ಕೆಂಪು ಧೂಳು ಒಳಗೆ ನುಗ್ಗಿತು. ನಿಂತಾಗ ಸಂಕಕ್ಕೆ ಹತ್ತು ಹೆಜ್ಜೆ ಇತ್ತು. ಪಿಕಪ್ಪಿನವರು ಪಕ್ಕದಲ್ಲಿ ಹಾದುಹೋಗುವಾಗ ನನಗೆ ಬೈದದ್ದು ಸರಿಯಾಗಿ ಕೇಳಿಸಿತು.

"ಡ್ರೈವರ್ರೆ, ನಿದ್ದೆ ಬಂತಾ?" ಬೀಡಿಯ ಕಟ್ಟು ಚೆಲ್ಲಿಹೋದ ಹೆಂಗಸೊಬ್ಬರು ಕೇಳಿದರು. ಕೆಲವರಿಗೆ ಮೊಣಕೈ ತರಚಿತ್ತು, ಅಷ್ಟೇ. ಬ್ರೇಕ್ ಕೈಕೊಟ್ಟಿತು ಎಂದು ಜನ ತಾವೇ ಹೇಳಿಕೊಂಡರು.

ಗಾಡಿ ಬದಲಿಸಿದರೂ ನನ್ನ ಜೊತೆಗೇ ಇದ್ದ ಹಮೀದ್ ಮುಂದೆ ಬಂದ. ಸ್ಟಾಪರಿನ ಗುಂಡಿ ನೋಡಿದ, ನನ್ನನ್ನು ನೋಡಿದ. "ನಾನು ನೋಡ್ಲಿಲ್ಲ ಅಂತ ಹೇಳ್ಬೇಕಾ ಸುಂದರಣ್ಣ?" ಎಂದು ಮೆಲ್ಲಗೆ ಕೇಳಿದ. ಇಂಜಿನ್ ಓಡಿಸಿಕೊಂಡು, ಮುಳ್ಳು ಏಳಕ್ಕೆ ಏರುವವರೆಗೆ ಕಾದೆ.

ಬಂಟ್ವಾಳದಲ್ಲಿ ಗ್ಯಾರೇಜಿನ ಫೆಲಿಕ್ಸ್ ಮೇಸ್ತ್ರಿ ಬಸ್ಸಿನ ಅಡಿಗೆ ನುಗ್ಗಿ ಸೋಪಿನ ನೊರೆ ಹಚ್ಚಿ ನೋಡಿದ. ಗಾಳಿಯ ಪೈಪಿನ ಒಂದು ಜಾಯಿಂಟಿನಲ್ಲಿ ಗುಳ್ಳೆ ಏಳುತ್ತಿತ್ತು.

"ಇದು ಇವತ್ತಿನದ್ದಲ್ಲ. ಲೋಕಯ್ಯ ಯಾವಾಗಲೋ ಹೇಳಿದ್ದ. ಧಣಿ, ಆಮೇಲೆ ನೋಡುವ ಅಂದ್ರು. ಸ್ಟಾರ್ಟಲ್ಲಿ ಇದ್ರೆ ಕಂಪ್ರೆಸರ್ ತುಂಬಿಸ್ತಾ ಇರ್ತದೆ, ಗೊತ್ತಾಗುದಿಲ್ಲ. ಡೀಸೆಲ್ ಸ್ವಲ್ಪ ಹೆಚ್ಚು ಕುಡೀತದೆ ಅಷ್ಟೆ." ಹೊರಗೆ ಬಂದು ಕೈ ಒರೆಸಿಕೊಂಡ. "ನೀನು ಬಂದ್ ಮಾಡಿದ್ದಾ?"

"ಹೌದು."

"ಸಾಯುದಾದ್ರೆ ಒಬ್ಬನೇ ಸಾಯಿ ಮಾರಾಯ. ಅಷ್ಟು ಜನರನ್ನು ಯಾಕೆ ಕರ್ಕೊಂಡು ಹೋಗ್ತಿ?"

ಆಗಲೂ ನನ್ನ ತಲೆ ಲೆಕ್ಕ ಹಾಕಿತು. ತಪ್ಪನ್ನು ಪೈಪಿನ ಮೇಲೆ ಹಾಕಿದರೆ ಅಪಘಾತಕ್ಕೂ ಕಾರಣ ಸಿಕ್ಕಿತು, ಲೋಕಯ್ಯಣ್ಣನ ಗಾಡಿಯ ಮೈಲೇಜಿಗೂ ಕಾರಣ ಸಿಕ್ಕಿತು. ಆದರೆ ನನ್ನ ಗಾಡಿಯಲ್ಲಿ ಪೈಪ್ ಸರಿ ಇತ್ತು. ಅದರಲ್ಲಿ ಅವರು ಕೊಟ್ಟ ನಾಲ್ಕು ಪಾಯಿಂಟ್ ಒಂದಕ್ಕೆ ಯಾವ ಪೈಪೂ ಉತ್ತರವಲ್ಲ. ಉತ್ತರ ನನ್ನ ಬಾಯಲ್ಲಿ ಮಾತ್ರ ಇತ್ತು.

ಇಲ್ಲಿ ಕಾರಿನವರಿಗೆ ಒಂದು ಮಾತು. ಇಳಿಯುವಾಗ ನ್ಯೂಟ್ರಲ್ ಮಾಡುವುದನ್ನು ಈಗಲೂ ತುಂಬ ಜನ ಉಳಿತಾಯ ಎಂದುಕೊಂಡಿದ್ದಾರೆ. ಈಗಿನ ಗಾಡಿಗಳಲ್ಲಿ ಅದು ಉಲ್ಟಾ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜಿನ್ನಿಗೆ ಹೋಗುವ ಎಣ್ಣೆಯನ್ನು ಗಾಡಿಯ ಕಂಪ್ಯೂಟರೇ ನಿಲ್ಲಿಸುತ್ತದೆ; ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ತಾನು ಸಾಯದಿರಲು ಎಣ್ಣೆ ಕುಡಿಯಲೇಬೇಕು. ಕೀಲಿ ತಿರುಗಿಸಿದರಂತೂ ಬ್ರೇಕ್ ಕಲ್ಲಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ, ಕೆಲವು ಗಾಡಿಗಳಲ್ಲಿ ಸ್ಟೇರಿಂಗಿಗೆ ಬೀಗವೇ ಬೀಳುತ್ತದೆ. ದಯವಿಟ್ಟು ಮಾಡಬೇಡಿ.

ಶುಕ್ರವಾರ ತೋಡಾರಿಗೆ ಹೋಗಿ ಧಣಿಗಳ ಜಗಲಿಯಲ್ಲಿ ನಿಂತು ಎಲ್ಲ ಹೇಳಿದೆ. ಅವರು ನಂಬಲಿಲ್ಲ.

"ಅವನನ್ನು ಉಳಿಸ್ಲಿಕ್ಕೆ ಕಥೆ ಕಟ್ತಿದ್ದಿ ನೀನು. ಅಥವಾ ಇಬ್ಬರೂ ಪಾಲುದಾರರಾ?"

ಕಳ್ಳ ಎಂಬ ಮಾತು ನನ್ನ ಮೇಲೆ ಬಿದ್ದಾಗಲೇ ಅದರ ಭಾರ ತಿಳಿದದ್ದು.

"ಧಣಿ, ನಾಳೆ ನೀವೇ ಬನ್ನಿ. ನನ್ನ ಗಾಡಿಯನ್ನು ನಾನೇ ಓಡಿಸ್ತೇನೆ. ನೀವು ಬಾನೆಟ್ಟಿನ ಹತ್ತಿರ ಕೂತು ಬೆಳಿಗ್ಗೆಯಿಂದ ಸಂಜೆವರೆಗೆ ನನ್ನ ಕೈ ನೋಡಿ. ಇಂಜಿನ್ ನಿಲ್ಲಿಸದೆ ನಾಲ್ಕೂವರೆ ಬಂದರೆ ಇಬ್ಬರನ್ನೂ ಒಟ್ಟಿಗೆ ಕಳಿಸಿ. ಬಾರದಿದ್ದರೆ ಭಾನುವಾರ ಅದೇ ಅಂಗಳದಲ್ಲಿ ಲೋಕಯ್ಯಣ್ಣನಿಗೆ ಹೇಳ್ಬೇಕು."

"ನಿನಗೆ ಏನು ಬೇಕು?"

"ನನ್ನ ಪಾಲೂ ಬೇಡ, ಹೊಸ ಬಸ್ಸೂ ಬೇಡ."

ಶನಿವಾರ ಧಣಿಗಳು ಬಂದರು. ಹೆಗಲ ಮೇಲಿನ ಬೈರಾಸು ಬಟ್ಟೆಯ ಅಂಚು ಹರಿದು ಸ್ಟಾಪರಿನ ಗುಂಡಿಯನ್ನು ತಾವೇ ಕಟ್ಟಿದರು. "ಸ್ಟ್ಯಾಂಡಿನಲ್ಲಿ ಮಾತ್ರ ಬಿಚ್ಚಬೇಕು" ಎಂದರು. ಹಮೀದ್ "ರೈಟ್ ಪೋಯಿ" ಎಂದು ಹೊರಡಲು ಸನ್ನೆ ಕೊಟ್ಟ.

ಅಷ್ಟು ಕಷ್ಟಪಟ್ಟು ನಾನು ಯಾವ ದಿನವೂ ಓಡಿಸಿಲ್ಲ. ಏರಿನಲ್ಲಿ ಸ್ವಲ್ಪ ಹೆಚ್ಚು ಒತ್ತಿದರೆ, ಗೇರ್ ಬದಲಿಸಲು ಸ್ವಲ್ಪ ತಡಮಾಡಿದರೆ ಡೀಸೆಲ್ ಸುರಿದುಹೋಗುತ್ತದೆ. ಬೇಕೆಂದೇ ಹಾಗೆ ಮಾಡಿದರೆ ಲೆಕ್ಕ ನಾಲ್ಕೂವರೆಗಿಂತ ಕೆಳಗೆ ಬರುವುದು ಖಂಡಿತ. ಲೋಕಯ್ಯಣ್ಣ ಬದುಕಿದರು, ನಾನೂ ಬದುಕಿದೆ. ಧಣಿಗಳಿಗೆ ಸ್ಟೇರಿಂಗ್ ಗೊತ್ತಿಲ್ಲ, ಕಂಡುಹಿಡಿಯಲಾರರು. ವೇಣೂರು ಬರುವವರೆಗೆ ನನ್ನ ಬಲಗಾಲು ಆ ಆಸೆಯಲ್ಲೇ ಇತ್ತು. ಆಮೇಲೆ, ಇದೂ ಸ್ಟಾಪರ್ ಎಳೆದ ಹಾಗೆಯೇ ಅಲ್ಲವೇ ಎನಿಸಿತು. ಲೋಕಯ್ಯಣ್ಣನ ಹೆಸರನ್ನು ಮತ್ತೊಂದು ಮೋಸದ ಮೇಲೆ ನಿಲ್ಲಿಸುವುದು ಬೇಡ ಎಂದು, ಗೊತ್ತಿದ್ದ ವಿದ್ಯೆಯನ್ನೆಲ್ಲ ಹಾಕಿ ಓಡಿಸಿದೆ. ದೂರದಲ್ಲಿ ಸ್ಟಾಪಿನಲ್ಲಿ ಕೈ ತೋರಿಸುವವರನ್ನು ಕಂಡಲ್ಲೇ ಕಾಲು ತೆಗೆದೆ; ಬ್ರೇಕ್ ಮುಟ್ಟುವ ಹೊತ್ತಿಗೆ ಬಸ್ಸು ತಾನೇ ನಡಿಗೆಗೆ ಬಂದಿರುತ್ತಿತ್ತು. ಏರು ಶುರುವಾಗುವ ಮೊದಲೇ ವೇಗ ಹಿಡಿದೆ. ಇಂಜಿನ್ ಕೂಗುವ ಮೊದಲು ಗೇರ್ ಬದಲಿಸಿದೆ. ದೊಡ್ಡ ಜಾರಿನಲ್ಲಿ ಗೇರಿನಲ್ಲೇ, ಇಂಜಿನ್ ಹಿಡಿತದಲ್ಲಿ ಇಳಿದೆ. ಬರೆಯಲ್ಲಿ ಗುರುವಾರದ ಗೀರು ಹಸಿಯಾಗಿತ್ತು. ಧಣಿಗಳು ಅದನ್ನು ನೋಡಿದರು, ಸಂಕವನ್ನು ನೋಡಿದರು. ಕೈ ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.

ಸಂಜೆ ಬಂಕಿನಲ್ಲಿ ಡೀಸೆಲ್ ಹಾಕುವಾಗ ನಾವು ಮೂವರೂ ಮೀಟರಿನ ಅಂಕಿ ನೋಡುತ್ತ ನಿಂತೆವು. ನನ್ನ ಕೆಲಸವೂ ಆ ಅಂಕಿಯಲ್ಲೇ ಇತ್ತು. ಓಡುತ್ತಿದ್ದ ಅಂಕಿ ನಿಂತಿತು. ಧಣಿಗಳು ಹಮೀದನ ಟ್ರಿಪ್ ಶೀಟಿನ ಹಿಂಬದಿಯಲ್ಲಿ ಭಾಗಿಸಿದರು. ಇನ್ನೊಮ್ಮೆ ಭಾಗಿಸಿದರು. ನಾಲ್ಕು ಪಾಯಿಂಟ್ ಮೂರು.

"ಇಷ್ಟು ದಿನ ನನ್ನ ಬಸ್ಸಿನಲ್ಲಿ ಜನರನ್ನು ಹಾಗೆ ಇಳಿಸಿದ್ದಾ ನೀನು?" ಎಂದಷ್ಟೇ ಕೇಳಿದರು.

ಭಾನುವಾರ ಅಂಗಳದಲ್ಲಿ ಧಣಿಗಳು, "ಲೋಕಯ್ಯ, ನಾಳೆಯಿಂದ ನಿನ್ನ ಗಾಡಿ ನೀನೇ ತೆಗೀ. ಪೈಪ್ ಸರಿ ಮಾಡಿಸಿದ್ದೇನೆ" ಎಂದು ಮಾತು ಮುಗಿಸಲು ನೋಡಿದರು. ಲೋಕಯ್ಯಣ್ಣ ಕದಲಲಿಲ್ಲ.

"ಕಳೆದ ವಾರದ ಮಾತು ಇವರೆಲ್ಲ ಕೇಳಿದ್ದಾರೆ ಧಣಿ. ಅದರ ಮುಂದಿನದ್ದೂ ಇವರು ಕೇಳ್ಬೇಕು."

ಧಣಿಗಳು ಅಂಗಳದ ನಡುವೆ ಬಂದು, ಎಲ್ಲರಿಗೂ ಕೇಳುವ ಹಾಗೆ, "ಲೋಕಯ್ಯ ಡೀಸೆಲ್ ತೆಗೆದದ್ದಲ್ಲ. ನಾನು ಹೇಳಿದ್ದು ತಪ್ಪು" ಎಂದರು. ನಾಲ್ಕೂವರೆಯ ನಿಯಮ ಅಂದಿಗೆ ಹೋಯಿತು. ನನ್ನ ಪಾಲೂ ಹೋಯಿತು. ಹೊಸ ಬಸ್ಸು ಬಂದಾಗ ಅದನ್ನು ಓಡಿಸಲು ಬೇರೆ ಯಾರನ್ನೋ ತಂದರು.

ಜನ ಚದುರಿದ ಮೇಲೆ ಲೋಕಯ್ಯಣ್ಣ ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ನಿನ್ನ ಗಾಡಿಯಲ್ಲಿ ನಾನು ಕೊಟ್ಟದ್ದು ನಾಲ್ಕು ಪಾಯಿಂಟ್ ಒಂದು. ಅದೇ ಗಾಡಿ, ಬಂದ್ ಮಾಡದೆ ನೀನು ಕೊಟ್ಟದ್ದು ನಾಲ್ಕು ಪಾಯಿಂಟ್ ಮೂರು. ಆ ಎರಡು ಪಾಯಿಂಟ್ ಎಲ್ಲಿಂದ ಬಂತು?"

ಅಂಥ ಪ್ರಶ್ನೆಗೆ ಅದುವರೆಗೆ ನಾನು ಪುಕ್ಕಟೆ ಉತ್ತರ ಕೊಟ್ಟವನಲ್ಲ, ಅವತ್ತು ಕೊಟ್ಟೆ. "ಅದು ಕಾಲಿನ ಕೆಲಸ ಲೋಕಯ್ಯಣ್ಣ. ಬಾಯಲ್ಲಿ ಹೇಳ್ಲಿಕ್ಕೆ ಆಗುದಿಲ್ಲ. ನಾಳೆ ನನಗೆ ರಜೆ. ನಿಮ್ಮ ಬಸ್ಸಿನಲ್ಲಿ ಬಂದು ಪಕ್ಕದಲ್ಲಿ ಕೂತು ತೋರಿಸ್ತೇನೆ" ಎಂದೆ.

ಅವರು ನನ್ನ ಕೈಗಳನ್ನು ಒಮ್ಮೆ ನೋಡಿದರು.

"ಬಾ" ಎಂದರು. "ಆದ್ರೆ ಕೈ ಕಟ್ಟಿ ಕೂತ್ಕೋ."